ಮಟಮಾರಿಯ ಮಗಳಿಗೊಂದು ಓದುವ ಕೋಣೆ

ರಾಯಚೂರಿನಿಂದ ಗುಂತಕಲ್ಲಿನ ಕಡೆಗೆ ಹೊರಟ ರೈಲು, ಕೃಷ್ಣಾ ತುಂಗಭದ್ರೆಗಳ ನಡುವಣ ಬಯಲನ್ನು ಹಾಯುವಾಗ ಮಟಮಾರಿಯೆಂಬ ಸಣ್ಣ ನಿಲ್ದಾಣವೊಂದು ಎದುರಾಗುತ್ತದೆ. ಹತ್ತಿ, ಜೋಳ, ಮೆಣಸಿನಕಾಯಿಗಳ ಸೀಮೆಯಿದು. ಅಕ್ಷರವು ಈ ಸೀಮೆಗೆ ಹೊಸದೇನೂ ಅಲ್ಲ. ಇದೇ ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ದೊರೆತ ಶಿಲಾಶಾಸನವು ಅಶೋಕನ ಹೆಸರನ್ನೇ ಹೇಳಿ ಚರಿತ್ರಕಾರರ ಬಹುದಿನದ ಸಂದೇಹವನ್ನು ಕಳೆಯಿತು. ದೇವದುರ್ಗದ ಕಡೆಯ ಮೊಸರಕಲ್ಲು ಗೋಪಾಲದಾಸರನ್ನೂ ಮಾನ್ವಿಯ ಕಡೆಯ ಚೀಕಲಪರ್ವಿ ವಿಜಯದಾಸರನ್ನೂ ಕನ್ನಡಕ್ಕೆ ಕೊಟ್ಟವು. ‘ಹರಿಕಥಾಮೃತಸಾರ’ದ ಜಗನ್ನಾಥದಾಸರು ಮಾನ್ವಿಯವರೇ.

ಇಂತಹ ನಾಡಿನಲ್ಲಿ 2011ರ ಜನಗಣತಿಯ ವೇಳೆಗೆ ಅಕ್ಷರಸ್ಥರ ಪ್ರಮಾಣ ಶೇಕಡಾ 59.56 ಮಾತ್ರ, ಸ್ತ್ರೀಯರಲ್ಲಿ ಶೇಕಡಾ 48.73. ಇಡೀ ರಾಜ್ಯದ ಸರಾಸರಿ ಆಗ 75.36 ಆಗಿದ್ದಿತು. ಕಲ್ಲಿನ ಮೇಲೆಯೂ ದಾಸರ ಕಂಠದಲ್ಲಿಯೂ ನೆಲೆಸಿದ ಅಕ್ಷರವು ಜನಸಾಮಾನ್ಯರ ಮನೆಯ ಗೂಡಿಗೆ ಮಾತ್ರ ಬಂದು ಸೇರಲಿಲ್ಲ.

ಇದಕ್ಕೆ ಕಾರಣವುಂಟು. 1948ರವರೆಗೆ ರಾಯಚೂರು ನಿಜಾಮರ ಆಳ್ವಿಕೆಗೆ ಸೇರಿದ್ದಿತು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಬೋಧನೆಯ ಭಾಷೆ ಉರ್ದು. ಮನೆಯಲ್ಲಿ ಕನ್ನಡವನ್ನಾಡುವ ಬಾಲಕನಿಗೆ ಉಚ್ಚ ಶಿಕ್ಷಣವೆಂಬುದು ಎರಡು ಹೊಳೆಗಳನ್ನು ಈಜಿದಂತೆ: ಒಂದು ಬಡತನದ್ದು, ಇನ್ನೊಂದು ಪರಭಾಷೆಯದು. ಪಂಡಿತ ತಾರಾನಾಥರು ರಾಯಚೂರಿನಲ್ಲಿ ‘ಹಮ್‌ದರ್ದ್’ ಶಾಲೆಯನ್ನು ಕಟ್ಟಿದುದು, 1934ರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ಇಲ್ಲಿ ಸಾಹಿತ್ಯ ಸಮ್ಮೇಳನ ನೆರೆದುದು, ಇವೆಲ್ಲ ಆ ಕತ್ತಲಲ್ಲಿ ಹಚ್ಚಿದ ಹಣತೆಗಳು.

ಈಗ ಕಾಲೇಜುಗಳು ಬಂದಿವೆ. ಗುಲ್ಬರ್ಗಾ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಿದ್ದ ಯರಗೇರಾದಲ್ಲಿ ಜಿಲ್ಲೆಯದೇ ಆದ ವಿಶ್ವವಿದ್ಯಾಲಯವೂ ತಲೆಯೆತ್ತಿದೆ. ಆದರೆ ಮಟಮಾರಿಯಂಥ ಊರಿನಿಂದ ಕಾಲೇಜಿಗೆ ಬರುವ ಹೆಣ್ಣುಮಗಳ ಸ್ಥಿತಿಯನ್ನು ಕ್ಷಣಕಾಲ ಊಹಿಸಿ ನೋಡಬೇಕು. ನಗರದ ಮನೆಗಳಲ್ಲಿ ಮಕ್ಕಳಿಗೊಂದು ಮೇಜು, ಒಂದು ದೀಪ, ನಾಲ್ಕು ಪುಸ್ತಕಗಳು ಕೇಳದೆಯೇ ದೊರೆಯುತ್ತವೆ. ಅವಳ ಮನೆಯಲ್ಲಿ ಅಡಿಗೆ, ನಿದ್ರೆ, ಕಾಳಿನ ಚೀಲ ಎಲ್ಲಕ್ಕೂ ಒಂದೇ ಕೋಣೆ. ಹತ್ತಿ ಬಿಡಿಸುವ ಸುಗ್ಗಿಯಲ್ಲಿ ಹೊಲದ ಕರೆ ಬೇರೆ. ತಂದೆತಾಯಿಗಳು ಓದಿದವರಲ್ಲವಾದುದರಿಂದ ಸಂದೇಹ ಕೇಳಲು ಜನವಿಲ್ಲ. ಅವಳ ಪಾಲಿಗೆ ಕಾಲೇಜಿನ ಗ್ರಂಥಾಲಯವು ಪುಸ್ತಕಗಳ ಉಗ್ರಾಣ ಮಾತ್ರವಲ್ಲ. ಅದೇ ಅವಳ ಓದುವ ಕೋಣೆ, ಅದೇ ಅವಳ ದೀಪ.

ಹೀಗಿರುವಾಗ ಗ್ರಂಥಾಲಯವನ್ನು ಅಳೆಯಬೇಕಾದುದು ಪುಸ್ತಕಗಳ ಎಣಿಕೆಯಿಂದಲ್ಲ. ಬಾಗಿಲು ಎಷ್ಟು ಹೊತ್ತು ತೆರೆದಿರುತ್ತದೆ, ಪುಸ್ತಕ ಯಾರ ಕೈಗೆ ಹೋಗುತ್ತದೆ ಎಂಬುದರಿಂದ. ತರಗತಿ ನಡೆಯುವಷ್ಟು ಹೊತ್ತು ಮಾತ್ರ ತೆರೆದು, ತರಗತಿ ಮುಗಿದೊಡನೆ ಬೀಗ ಹಾಕುವ ಗ್ರಂಥಾಲಯದಲ್ಲಿ ಹಳ್ಳಿಯ ವಿದ್ಯಾರ್ಥಿ ಓದುವುದಾದರೂ ಯಾವಾಗ?

ಈ ಪ್ರಶ್ನೆಯನ್ನು ಹಿಂದೆಯೇ ಕೇಳಿದವರು ಎಸ್. ಆರ್. ರಂಗನಾಥನ್ ಅವರು. ಗಣಿತದ ಅಧ್ಯಾಪಕರಾಗಿದ್ದ ಅವರು 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲರಾದರು. 1931ರಲ್ಲಿ ಅವರು ಪ್ರಕಟಿಸಿದ ಐದು ಸೂತ್ರಗಳ ಮೊದಲನೆಯದೇ, ಪುಸ್ತಕವಿರುವುದು ಉಪಯೋಗಕ್ಕಾಗಿ ಎಂಬುದು. ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ, ಪ್ರತಿಯೊಂದು ಪುಸ್ತಕಕ್ಕೂ ಅದರ ಓದುಗ, ಓದುಗನ ಕಾಲವನ್ನು ಉಳಿಸಬೇಕು, ಗ್ರಂಥಾಲಯವು ಬೆಳೆಯುವ ಜೀವಿ, ಇವು ಉಳಿದ ನಾಲ್ಕು. ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು 1972ರಲ್ಲಿ ಅಲ್ಲಿಯೇ ತೀರಿಕೊಂಡ ಈ ಮಹನೀಯರ ಜನ್ಮದಿನವಾದ ಆಗಸ್ಟ್ 12ನ್ನು ಗ್ರಂಥಪಾಲಕರ ದಿನವೆಂದು ಆಚರಿಸುವ ವಾಡಿಕೆಯಿದೆ. ಹೂಮಾಲೆಯೊಂದಿಗೆ ಸೂತ್ರಗಳನ್ನೂ ನೆನೆದರೆ ಆಚರಣೆ ಸಾರ್ಥಕವಾದೀತು.

ಗ್ರಂಥಾಲಯಕ್ಕೂ ಸಾಮಾಜಿಕ ನ್ಯಾಯಕ್ಕೂ ಇರುವ ನಂಟನ್ನು ಡಾ. ಅಂಬೇಡ್ಕರರಷ್ಟು ಚೆನ್ನಾಗಿ ಬಲ್ಲವರು ವಿರಳ. ಅವರು ಮುಂಬಯಿಯಲ್ಲಿ ತಮ್ಮ ಮನೆಯನ್ನು ಕಟ್ಟಿಸುವಾಗ ಪುಸ್ತಕಗಳಿಗೇ ಮೊದಲ ಸ್ಥಾನವಿತ್ತರು. 1946ರಲ್ಲಿ ತೆರೆದ ಸಿದ್ಧಾರ್ಥ ಕಾಲೇಜಿನಲ್ಲಿ, ಹಗಲು ದುಡಿಯುವ ಬಡ ವಿದ್ಯಾರ್ಥಿಗಳಿಗೆಂದು ತರಗತಿಗಳನ್ನು ಮುಂಜಾನೆಗೆ ಇರಿಸಿದರು. 1950ರಲ್ಲಿ ಅವರ ಸಂಸ್ಥೆ ಔರಂಗಾಬಾದಿನಲ್ಲಿ ಕಾಲೇಜನ್ನು ಆರಂಭಿಸಿದಾಗ ಆ ಊರೂ ರಾಯಚೂರೂ ಒಂದೇ ಹೈದರಾಬಾದು ರಾಜ್ಯದಲ್ಲಿದ್ದವು. ಬಡವನ ವೇಳೆಗೆ ವಿದ್ಯೆಯೇ ಹೊಂದಿಕೊಳ್ಳಬೇಕೆಂಬ ಆ ಪಾಠ ಇಲ್ಲಿಗೂ ಸಲ್ಲುತ್ತದೆ. ಜಿಲ್ಲೆಯ ಪ್ರತಿ ಐವರಲ್ಲಿ ಸುಮಾರು ಇಬ್ಬರು ಪರಿಶಿಷ್ಟ ಜಾತಿ, ಪಂಗಡಗಳಿಗೆ ಸೇರಿದವರೆಂಬುದನ್ನು ಮರೆಯಲಾಗದು. ಅವರ ಮಕ್ಕಳಿಗೆ ಪಠ್ಯಪುಸ್ತಕಗಳನ್ನು ಕಡ ಕೊಡುವ ‘ಬುಕ್ ಬ್ಯಾಂಕ್’ ವ್ಯವಸ್ಥೆ ಕಾಲೇಜುಗಳಲ್ಲಿದೆ. ಸಂವಿಧಾನದ 371ಜೆ ವಿಧಿಯು 2013ರಿಂದ ಈ ಭಾಗದವರಿಗೆ ಕಾಲೇಜಿನ ಸೀಟುಗಳಲ್ಲಿಯೂ ಸರ್ಕಾರಿ ಹುದ್ದೆಗಳಲ್ಲಿಯೂ ಪಾಲನ್ನು ಕಾದಿರಿಸಿದೆ. ಪಾಲು ಕಾಗದದ ಮೇಲಿದ್ದರೆ ಸಾಲದು. ಸ್ಪರ್ಧಾ ಪರೀಕ್ಷೆಗೆ ಬೇಕಾದ ದುಬಾರಿ ಗ್ರಂಥವೂ ಅದನ್ನು ಓದಲು ಒಂದು ಶಾಂತವಾದ ಬೆಂಚೂ ದೊರೆತಾಗಲೇ ಆ ಪಾಲು ಕೈಗೆ ಬರುವುದು.

ಹೀಗೆ ಎರವಲು ತಂದ ಪುಸ್ತಕವು ಒಬ್ಬಳ ಓದಿನಿಂದ ಮುಗಿಯುವುದಿಲ್ಲ. ಶ್ರಾವಣ ಮಾಸದಲ್ಲಿ ಗುಡಿಯ ಅಂಗಳದಲ್ಲಿ ಒಬ್ಬರು ಪುರಾಣ ಓದುವುದು, ಊರು ಕೂತು ಕೇಳುವುದು ಉತ್ತರ ಕರ್ನಾಟಕದ ಹಳೆಯ ರೂಢಿ. ಮಗಳು ತಂದ ಕಾದಂಬರಿಯೂ ಹಾಗೆಯೇ. ಅವಳು ಓದಿದರೆ ತಾಯಿ ಕೇಳುತ್ತಾಳೆ, ತಮ್ಮ ಚಿತ್ರ ನೋಡುತ್ತಾನೆ, ನೆರೆಮನೆಯಾಕೆ ‘ಮುಂದೇನಾತು?’ ಎಂದು ಮರುದಿನ ಬರುತ್ತಾಳೆ. ರಾಜ್ಯದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ, 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಶುಲ್ಕವಿಲ್ಲದೆ ಸದಸ್ಯತ್ವ ದೊರೆತಿದೆ. ಕಾಲೇಜಿನ ಗ್ರಂಥಾಲಯವು ಇವುಗಳೊಡನೆ ಕೈಜೋಡಿಸಿ ತಿಂಗಳಿಗೊಮ್ಮೆ ಒಂದು ಪೆಟ್ಟಿಗೆ ಪುಸ್ತಕಗಳನ್ನು ಕಳುಹಿಸಿದರೆ ಪಟ್ಟಣದ ಭಂಡಾರ ಹಳ್ಳಿಯದೂ ಆಗುತ್ತದೆ.

ಇದಕ್ಕೆಲ್ಲ ಅಪಾರ ಹಣ ಬೇಕಿಲ್ಲ. ಇನ್ನೆರಡು ಗಂಟೆ ಬಾಗಿಲು ತೆರೆದಿರಬೇಕು. ಬೀರುಗಳ ಬೀಗ ತೆಗೆದು, ವಿದ್ಯಾರ್ಥಿಗಳೇ ಪುಸ್ತಕವನ್ನು ಮುಟ್ಟಿ ಆರಿಸಲು ಬಿಡಬೇಕು. ಪುಸ್ತಕ ಕಳೆದೀತೆಂಬ ಭಯಕ್ಕಿಂತ ಓದದೆ ಉಳಿದೀತೆಂಬ ಭಯ ಹೆಚ್ಚಾಗಬೇಕು. ನಗರದ ಗೃಹಸ್ಥರೂ ತಮ್ಮ ಗಾಜಿನ ಬೀರುಗಳಲ್ಲಿ ವರ್ಷಗಟ್ಟಲೆ ತೆರೆಯದೆ ಇರುವ ಒಳ್ಳೆಯ ಗ್ರಂಥಗಳನ್ನು ಹತ್ತಿರದ ಕಾಲೇಜಿಗೆ ಒಪ್ಪಿಸಬಹುದು. ಯಾವಳೋ ಹುಡುಗಿಯ ಚೀಲದಲ್ಲಿ ಕುಳಿತು ಅವು ಸಂಜೆಯ ಬಸ್ಸಿನಲ್ಲಿ ಮಟಮಾರಿಗೆ ಪಯಣ ಮಾಡಲಿ.