ಹಕ್ಕಲಾಯುವ ಹೆಂಗಸರು

ಕೊಯ್ಲಾದ ಹೊಲದಲ್ಲಿ ಉಳಿದ ತೆನೆಗಳನ್ನು ಬಡವರು ಆಯ್ದುಕೊಳ್ಳುವುದಕ್ಕೆ ನಮ್ಮಲ್ಲಿ ಹಕ್ಕಲಾಯುವುದೆಂದು ಹೆಸರು. ಫ್ರೆಂಚ್ ಚಿತ್ರಕಾರ ಝಾಂ ಫ್ರಾಂಸ್ವಾ ಮಿಲೆ 1857ರಲ್ಲಿ ಪ್ಯಾರಿಸಿನ ಸಲೋನ್ ಪ್ರದರ್ಶನದಲ್ಲಿರಿಸಿದ ಚಿತ್ರದ ವಸ್ತುವೂ ಇದೇ. ಮುಂಭಾಗದಲ್ಲಿ ಬಾಗಿದ ಮೂವರು ಹೆಂಗಸರು; ಬಲುದೂರದಲ್ಲಿ ಬಣವೆಗಳು, ತುಂಬಿದ ಗಾಡಿ, ಕುದುರೆಯೇರಿದ ಮೇಲ್ವಿಚಾರಕ. ಇದರಲ್ಲಿ ಕೆರಳುವಂಥದೇನಿದೆಯೆಂದು ತಾವು ಕೇಳಬಹುದು. 1848ರ ಕ್ರಾಂತಿಯ ಭೀತಿ ಇನ್ನೂ ಆರಿರಲಿಲ್ಲ. ವಿಮರ್ಶಕನೊಬ್ಬನಿಗೆ ಇವರ ಹಿಂದೆ 1793ರ ವಧಾಸ್ತಂಭಗಳೇ ಗೋಚರಿಸಿದವು!

ಮಿಲೆ ಈ ಚಿತ್ರದಲ್ಲಿ ಯಾರನ್ನೂ ದೂರಿಲ್ಲ. ಅವನ ದಿಟ್ಟತನ ಅಳತೆಯಲ್ಲಿದೆಯೆಂದು ನನ್ನ ಭಾವನೆ: ಸುಗ್ಗಿಯ ಸಿರಿಯನ್ನು ಕಿರಿದಾಗಿಸಿ, ಪುರಾಣಪುರುಷರಿಗೆ ಮೀಸಲಾಗಿದ್ದ ಘನತೆಯನ್ನು ಈ ಬಡ ಹೆಂಗಸರಿಗೆ ಕೊಟ್ಟ. ಎಡಗಡೆಯವಳನ್ನು ನೋಡಿ. ಒಂದು ಕೈ ನೆಲದತ್ತ ಚಾಚಿದೆ. ಆಯ್ದ ತೆನೆಗಳ ಹಿಡಿಯೊಡನೆ ಇನ್ನೊಂದು ಕೈ ಬೆನ್ನ ಮೇಲಿದೆ.