ಒಂದು ಸಲಕ್ಕೆ ಒಂದೇ ಬಣ್ಣ

ರಿಸೊಗ್ರಾಫ್ ಎಂಬ ಹೆಸರು ಹೊಸದೆನಿಸಬಹುದು, ಯಂತ್ರ ಮಾತ್ರ ಹೊಸದಲ್ಲ. ಶಾಲೆ-ಕಾಲೇಜುಗಳಲ್ಲಿ ಪ್ರಶ್ನೆಪತ್ರಿಕೆಗಳನ್ನು ನೂರುಗಟ್ಟಲೆ ತೆಗೆಯುವ ಡುಪ್ಲಿಕೇಟರ್ ಇದೇ ಬಗೆಯದು. ಸೈಕ್ಲೋಸ್ಟೈಲಿನ ವಂಶಕ್ಕೆ ಸೇರಿದ ಇದನ್ನು ಜಪಾನಿನ ರಿಸೊ ಕಾಗಾಕು ಕಂಪನಿ 1980ರಲ್ಲಿ ಮಾರುಕಟ್ಟೆಗೆ ತಂದಿತು. ಯಂತ್ರ ಚಿತ್ರವನ್ನು ಓದಿಕೊಂಡು, ತೆಳುವಾದ ಮಾಸ್ಟರ್ ಹಾಳೆಯಲ್ಲಿ ಶಾಖದಿಂದ ಸೂಕ್ಷ್ಮ ತೂತುಗಳನ್ನು ಕೊರೆಯುತ್ತದೆ. ಆ ಹಾಳೆ ಶಾಯಿಯ ಡ್ರಮ್ಮಿಗೆ ಸುತ್ತಿಕೊಳ್ಳುತ್ತದೆ. ಡ್ರಮ್ ತಿರುಗಿದಂತೆ ತೂತುಗಳಿಂದ ಶಾಯಿ ಕಾಗದಕ್ಕೆ ಇಳಿಯುತ್ತದೆ. ಒಂದು ಡ್ರಮ್ಮಿಗೆ ಒಂದೇ ಬಣ್ಣ. ಸಾಮಾನ್ಯ ಮಾದರಿಯಲ್ಲಿ ಎರಡನೆಯ ಬಣ್ಣ ಬೇಕಾದರೆ ಡ್ರಮ್ ಬದಲಿಸಿ ಅದೇ ಕಾಗದವನ್ನು ಮತ್ತೊಮ್ಮೆ ಹಾಯಿಸಬೇಕು. ಇಂದು ಹಲವು ದೇಶಗಳ ಕಲಾವಿದರು ಪೋಸ್ಟರು, ಕಿರುಪುಸ್ತಕಗಳಿಗೆ ಇದನ್ನೇ ಆರಿಸಿಕೊಂಡಿದ್ದಾರೆ.

ಒಂದು ಸಲಕ್ಕೆ ಒಂದೇ ಬಣ್ಣ ಎಂಬ ಈ ಮಿತಿಯೇ ಅದರ ದೊಡ್ಡ ಪಾಠ. ಕಂಪ್ಯೂಟರಿನಲ್ಲಿ ಲಕ್ಷಾಂತರ ಬಣ್ಣಗಳು ಬೆರಳ ತುದಿಯಲ್ಲಿವೆ. ಹಾಗಾಗಿ ಯಾವ ಬಣ್ಣ ಏಕೆ ಬೇಕು ಎಂಬ ಪ್ರಶ್ನೆಯೇ ಏಳುವುದಿಲ್ಲ. ರಿಸೊ ಕಾರ್ಯಾಗಾರದಲ್ಲಾದರೆ ಇಂಕ್‌ಸ್ಕೇಪ್‌ನಂಥ ಉಚಿತ ತಂತ್ರಾಂಶದಲ್ಲಿ ಪ್ರತಿ ಬಣ್ಣಕ್ಕೂ ಬೇರೆ ಪದರ ಮಾಡಿ, ಎಲ್ಲವನ್ನೂ ಕಪ್ಪು-ಬೂದು ಬಣ್ಣಗಳಲ್ಲೇ ಸಿದ್ಧಪಡಿಸಬೇಕು. ಕಪ್ಪು ಹೆಚ್ಚಿದ್ದಲ್ಲಿ ಶಾಯಿ ದಟ್ಟ, ಬೂದು ಇದ್ದಲ್ಲಿ ತಿಳಿ. ಕಣ್ಣಿಗೆ ಕಾಣದ್ದನ್ನು ಮನಸ್ಸಿನಲ್ಲೇ ಕಾಣುವ ಈ ಅಭ್ಯಾಸ ಧಾರವಾಡ ಸೀಮೆಗೆ ಅಪರಿಚಿತವಲ್ಲ. ಇಲ್ಲಿನ ಕಸೂತಿಯಲ್ಲಿ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳದೆ ಎಳೆ ಎಣಿಸಿಯೇ ಗೋಪುರ, ತೇರು, ಆನೆಗಳನ್ನು ಮೂಡಿಸುತ್ತಾರೆ; ಗವಂತಿ, ಮುರ್ಗಿ, ನೇಗಿ, ಮೆಂತೆ ಎಲ್ಲವೂ ಲೆಕ್ಕದ ಹೊಲಿಗೆಗಳು. ಹುಬ್ಬಳ್ಳಿಯ ಕಮರಿಪೇಟೆಯ ಸಾವಜಿ ಸಮಾಜದ ಪಾರಂಪರಿಕ ಕಸುಬು ನೇಯ್ಗೆ. ಅದೂ ಎಳೆಯ ಲೆಕ್ಕವೇ. ಇಂಥ ಪೇಟೆಯಲ್ಲಿ ಕಾರ್ಯಾಗಾರ ನಡೆದರೆ ಮೊದಲ ಪಾಠಕ್ಕೆ ಕಸೂತಿಯ ಚೌಕಗಳೇ ಸಾಕು: ತೇರು ಕೆಂಪಿನಲ್ಲಿ, ಗೋಪುರ ನೀಲಿಯಲ್ಲಿ. ರಿಸೊ ಶಾಯಿ ಪಾರದರ್ಶಕವಾದ್ದರಿಂದ ಅವೆರಡೂ ಕೂಡಿದಲ್ಲಿ ಮೂರನೆಯ ಬಣ್ಣ ತಾನಾಗಿ ಹುಟ್ಟುತ್ತದೆ.

ಜೆರಾಕ್ಸ್ ಅಂಗಡಿಯಲ್ಲಿ ಕಲರ್ ಪ್ರಿಂಟ್ ಸಿಗುವಾಗ ಈ ಶ್ರಮವೇಕೆ ಎನ್ನಬಹುದು. ಹತ್ತು ಪ್ರತಿಗಳಿಗೆ ಆ ಮಾತು ಸರಿ. ಆದರೆ ಮಾಸ್ಟರಿನ ಖರ್ಚು ಎಲ್ಲ ಪ್ರತಿಗಳಿಗೂ ಹಂಚಿಹೋಗುವುದರಿಂದ ನೂರಾರು ಪ್ರತಿಗಳಾದಂತೆ ರಿಸೊ ಅಗ್ಗವಾಗುತ್ತದೆ. ಬಣ್ಣಗಳು ಕೂದಲೆಳೆಯಷ್ಟು ಸರಿಯುತ್ತವೆ, ಕನ್ನಡದ ಒತ್ತಕ್ಷರಗಳು ಕಲಸಿಹೋಗುತ್ತವೆ ಎಂಬ ಆಕ್ಷೇಪವೂ ನಿಜವೇ. ಅಕ್ಷರಗಳನ್ನು ತೀರ ಚಿಕ್ಕದಾಗಿಸದೆ ಒಂದೇ ಬಣ್ಣದಲ್ಲಿಟ್ಟರೆ ಕಲಸುವ ತೊಂದರೆ ನಿವಾರಣೆಯಾಗುತ್ತದೆ. ಹೊಳಪಿನ ಕಾಗದದ ಮೇಲೆ ಶಾಯಿ ಆರುವುದಿಲ್ಲ. ಶಾಯಿ ಹೀರುವ ಸಾದಾ ಕಾಗದವೇ ಬೇಕು. ಇವೆಲ್ಲ ಯಂತ್ರದ ದೋಷಗಳೆನ್ನುವುದಕ್ಕಿಂತ ವಿನ್ಯಾಸಕಾರ ಕಾಗದ ಮುಟ್ಟಿಯೇ ಕಲಿಯಬೇಕಾದ ಸಂಗತಿಗಳು.

ಉಳಿದದ್ದು ಯಂತ್ರದ ಬೆಲೆ. ಆದರೆ ಕಾರ್ಯಾಗಾರಕ್ಕಾಗಿ ಹೊಸ ಯಂತ್ರವನ್ನೇ ಕೊಳ್ಳಬೇಕಿಲ್ಲ. ಡುಪ್ಲಿಕೇಟರ್ ಇರುವ ಕಾಲೇಜು ರಜಾದಿನಗಳಲ್ಲಿ ಅದನ್ನು ಒದಗಿಸಿ, ಒಂದೆರಡು ಬಣ್ಣದ ಡ್ರಮ್‌ಗಳನ್ನಷ್ಟೇ ಕೊಂಡರೆ ಆರಂಭಕ್ಕೆ ಸಾಕು. ಇದ್ದ ಸಾಧನದಲ್ಲೇ ಆರಂಭಿಸುವುದು ಕನ್ನಡಕ್ಕೆ ಹೊಸದೇನಲ್ಲ: ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಹೊರಬಂದದ್ದು ಕಲ್ಲಚ್ಚಿನಲ್ಲಿ. ಅಚ್ಚಿನ ಮೊಳೆಗಳಿಗಾಗಿ ಅದು ಕಾಯಲಿಲ್ಲ. ಧಾರವಾಡವಂತೂ 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ, 1933ರಲ್ಲಿ ಪ್ರಕಾಶನ ಸಂಸ್ಥೆ ಮನೋಹರ ಗ್ರಂಥಮಾಲೆ ಹುಟ್ಟಿದ ನೆಲ. ಹುಬ್ಬಳ್ಳಿ-ಧಾರವಾಡ ಅವಳಿ ನಗರದ ಕಾಲೇಜುಗಳು, ಮುದ್ರಕರು, ಕಸೂತಿ ಬಲ್ಲ ಹೆಣ್ಣುಮಕ್ಕಳು ಒಂದೆಡೆ ಕೂಡಲಿ. ಮುಂದಿನ ರಜೆಯಲ್ಲಿ ಎರಡೇ ಬಣ್ಣದ ಒಂದು ಪುಸ್ತಿಕೆಯಿಂದ ಕೆಲಸ ಶುರುವಾಗಲಿ.