ಬುಟ್ಟಿ ಬಿಟ್ಟೆ, ಮಾವು ಉಳೀತು

ನಮ್ಮದು ಮಳೆ ನಂಬಿದ ಬಾದಾಮಿ ಮಾವು. ಮೊದಲು ಬಿದಿರು ಬುಟ್ಟಿಯಲ್ಲೇ ಮಂಡಿಗೆ ಹಾಕ್ತಿದ್ದೆ. ಲಾರಿಯಲ್ಲಿ ಬುಟ್ಟಿ ಮೇಲೆ ಬುಟ್ಟಿ ಹೇರಿದರೆ ಭಾರವೆಲ್ಲ ಕಾಯಿ ಮೇಲೇ. ತಳದ್ದು ಜಜ್ಜಿ ಹೋಗ್ತಿತ್ತು. ಬಿದಿರು ಸೀಳು ಗೀರಿದ ಕಡೆ ಹಣ್ಣಾಗುವಾಗ ಕಪ್ಪಾಗಿ ಕೊಳೀತಿತ್ತು.

ಈಗ 20 ಕಿಲೋ ಹಿಡಿಯುವ ಪ್ಲಾಸ್ಟಿಕ್ ಕ್ರೇಟು. ಒಂದರ ಮೇಲೊಂದು ಇಟ್ಟರೂ ಭಾರ ಕ್ರೇಟಿನ ಅಂಚಿಗೆ ಬೀಳುತ್ತೆ. ಆದರೆ ಅಂಚು ಮೀರಿ ತುಂಬಿದಿರೋ, ಮತ್ತೆ ಬುಟ್ಟಿ ಕಥೆಯೇ! ಎರಡು ಬೆರಳು ಖಾಲಿ ಬಿಡಿ. ತಳಕ್ಕೆ ಹಳೇ ಪೇಪರು ಹಾಸಿ, ಗಾಳಿಕಿಂಡಿ ಪೂರ್ತಿ ಮುಚ್ಚಬೇಡಿ. ಕಾಯಿಗೂ ಉಸಿರುಂಟು, ಶಾಖ ಹೊರಗೆ ಹೋಗಬೇಕು.

ಹೇಳೋದು ಮರೆತೆ, ಅರ್ಧ ಇಂಚು ತೊಟ್ಟು ಬಿಟ್ಟು ಕುಯ್ಯಿರಿ. ಸೊನೆ ಹರಿದು ಸಿಪ್ಪೆ ಸುಟ್ಟರೆ ಯಾವ ಕ್ರೇಟೂ ಕಾಪಾಡೋದಿಲ್ಲ.

ಕ್ರೇಟು ದುಬಾರಿ, ನಿಜ. ನಾವು ಮೂವರು ಸೇರಿ ಕೊಂಡು ಗುರುತಿಗೆ ಬಣ್ಣ ಬಳಿದಿದ್ದೇವೆ. ಇಲ್ಲದಿದ್ದರೆ ಮಂಡಿಯಿಂದ ವಾಪಸ್ ಬರೋದು ಯಾರದೋ ಒಡಕಲು.